ಮರಳುಗಾಡು ನಮ್ಮ ಪಕ್ಕದಲ್ಲೇ ಇದೆ!

ಪಕ್ಕದ ಮನೆಯವರು ರಾಜಸ್ಥಾನಕ್ಕೆ ಹೋಗಿ, ಒಂಟೆ ಮೇಲೆ ಕೂತ ಫೋಟೋ ತಂದು ತೋರಿಸಿದರೆ ಮಕ್ಕಳು ಸುಮ್ಮನಿರುತ್ತಾರೆಯೇ? ನಮ್ಮ ಮನೆಯಲ್ಲೂ ಹಾಗೇ ಆಯಿತು. “ಅಮ್ಮಾ, ನಾವೂ ಮರಳುಗಾಡು ನೋಡ್ಬೇಕು” ಅಂತ ಒಂದೇ ಹಟ. ಹಂಗಳದಿಂದ ಜೈಸಲ್ಮೇರ್‌ಗೆ ಹೋಗಿ ಬರುವ ಖರ್ಚು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆಗ ನೆನಪಾದದ್ದು ತಲಕಾಡು.

“ಮರಳು ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ ಮಗಾ?” ಅಂದರು ನಮ್ಮತ್ತೆ. ಆದರೂ ಹೊರಟರು. ಗುಂಡ್ಲುಪೇಟೆ, ನಂಜನಗೂಡು, ತಿ. ನರಸೀಪುರ, ಆಮೇಲೆ ತಲಕಾಡು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ಅತ್ತೆಗೂ ನನಗೂ ಟಿಕೆಟ್ಟಿನ ಖರ್ಚಿಲ್ಲ. ಗುರುತಿನ ಚೀಟಿ ಮಾತ್ರ ಮರೆಯಬೇಡಿ.

ಊರು ದಾಟಿದರೆ ಕಾಲ ಕೆಳಗೆ ಬರೀ ಮರಳು! ಏರುವುದು, ಜಾರುವುದು, ಮತ್ತೆ ಏರುವುದು. ಅಲ್ಲಲ್ಲಿ ಗಾಳಿಮರಗಳ ನೆರಳು. ಇದು ಒಂದು ಕಾಲಕ್ಕೆ ಗಂಗರ ರಾಜಧಾನಿ. ಚೋಳರ ಕೈಯಿಂದ ಇದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಮರಳು ತೆಗೆದು ಬಿಡಿಸಿದ ಗುಡಿಗಳಿಗೆ ಮೆಟ್ಟಿಲಿಳಿದು ಹೋಗಬೇಕು. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ — ಈ ಐವರ ಪಂಚಲಿಂಗ ದರ್ಶನ ವರ್ಷ ವರ್ಷ ಬರುವುದಲ್ಲ. 2013ರಲ್ಲಿ ನಡೆದದ್ದು ಮತ್ತೆ ಬಂದದ್ದು 2020ರ ಡಿಸೆಂಬರ್‌ನಲ್ಲಿ.

ಮರಳು ಬಂದದ್ದೆಲ್ಲಿಂದ? ಅಲಮೇಲಮ್ಮನ ಕಥೆ ನಿಮಗೆಲ್ಲ ಗೊತ್ತೇ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಮೇಲೆ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿಯಾದ ಈಕೆಯ ಒಡವೆಗಾಗಿ ಆಳುಗಳು ಬಂದರಂತೆ. ಆಕೆ ಶಾಪ ಹಾಕಿ ಮಾಲಂಗಿಯ ಮಡುವಿಗೆ ಹಾರಿದಳಂತೆ. ಭೂವಿಜ್ಞಾನ ಬಲ್ಲವರು ಹೇಳುವುದು ಬೇರೆ: ಕಾವೇರಿ ಇಲ್ಲಿ ಬಳಸಿ ತಿರುಗುತ್ತಾಳೆ. ಮೇಲ್ಗಡೆ ಕಟ್ಟೆ ಕಟ್ಟಿದ ಮೇಲೆ ನೀರಿಳಿದು ಪಾತ್ರದ ಮರಳು ಬಯಲಾಯಿತು. ಗಾಳಿ ಅದನ್ನು ಹೊತ್ತು ತಂದು ಊರ ಮೇಲೆ ಸುರಿಯಿತು. ಯಾವುದನ್ನು ನಂಬಿದರೂ, ಆ ಹೆಣ್ಣುಮಗಳನ್ನು ನೆನೆದಾಗ ಕೊರಳ ಸರದ ಮೇಲೆ ಕೈ ಹೋಗದಿರದು.

ಹೊಳೆಗೆ ಇಳಿದಾಗಲೇ ನಮ್ಮ ಜೀವ ಬಾಯಿಗೆ ಬಂದದ್ದು. ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದ ಚಿಕ್ಕವನು ಒಂದು ಹೆಜ್ಜೆ ಮುಂದಿಟ್ಟ, ಅಷ್ಟೇ, ಕುತ್ತಿಗೆವರೆಗೆ ಮುಳುಗಿದ. ಪಕ್ಕದಲ್ಲೇ ನಿಂತಿದ್ದ ಅತ್ತೆ ರಟ್ಟೆ ಹಿಡಿದು ಎಳೆದುಕೊಂಡರು. ಮರಳ ತಳದಲ್ಲಿ ಗುಂಡಿ ಎಲ್ಲಿದೆ ಎಂದು ಮೇಲಿಂದ ಕಾಣುವುದಿಲ್ಲ. ಇಲ್ಲಿ ಮುಳುಗಿ ಪ್ರಾಣ ಕಳೆದುಕೊಂಡವರು ಎಷ್ಟೋ ಜನ. ದಯವಿಟ್ಟು ಮಕ್ಕಳ ಕೈ ಬಿಡಬೇಡಿ. ದಡದಲ್ಲೇ ಕೂರಿಸಿ ಚೊಂಬಿನಿಂದ ನೀರು ಹುಯ್ಯಿರಿ, ಸಾಕು.

ಆಮೇಲೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಬಿಸಿಲಿಗೆ ಹುಳಿಯಾಗದ ಮೊಸರನ್ನ ಹೀಗೆ ಮಾಡಿ: ಒಂದು ಪಾವು ಅಕ್ಕಿಯ ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿಯಲ್ಲೇ ಮಸೆಯಿರಿ. ಆರಿದ ಮೇಲೆ ಕಾಯಿಸಿ ಆರಿಸಿದ ಹಾಲನ್ನು ಅನ್ನ ತೆಳ್ಳಗಾಗುವಷ್ಟು ಹಾಕಿ, ಮೊಸರು ಒಂದೇ ಚಮಚ ಬೆರೆಸಿ. ಉಪ್ಪು, ಶುಂಠಿ, ಕರಿಬೇವು, ಸಾಸಿವೆ ಒಗ್ಗರಣೆ. ಮಧ್ಯಾಹ್ನದ ಹೊತ್ತಿಗೆ ತಾನೇ ಹೆಪ್ಪಾಗಿರುತ್ತದೆ. ಸೌತೆಕಾಯಿ ತಿನ್ನುವಾಗ ಹೆಚ್ಚಿ ಹಾಕಿ. ಮೊದಲೇ ಹಾಕಿದರೆ ನೀರೊಡೆಯುತ್ತದೆ.

ನೀರು ಕಡಿಮೆಯಿರುವ ರಾಜಸ್ಥಾನದ ಹೆಂಗಸರೂ ಮಜ್ಜಿಗೆ, ತುಪ್ಪ, ಸಜ್ಜೆ ರೊಟ್ಟಿ ನಂಬಿಯೇ ಸಂಸಾರ ತೂಗಿಸಿದವರು. ನಾವು ದಸರೆಯಲ್ಲಿ ಪೂಜಿಸುವ ಬನ್ನಿ ಮರದ ಎಳೆಕಾಯನ್ನು ಒಣಗಿಸಿಟ್ಟು ‘ಸಾಂಗ್ರಿ’ ಪಲ್ಯ ಮಾಡುತ್ತಾರೆ. ಅವರಿಗೂ ನಮಗೂ ಎಂಥ ನಂಟು, ನೋಡಿ!

ಹೊರಡುವುದಾದರೆ ಬೆಳಿಗ್ಗೆ ಬೇಗ ತಲುಪಿ. ಮಧ್ಯಾಹ್ನದ ಮರಳು ಕಾವಲಿಯಂತೆ ಸುಡುತ್ತದೆ. ಕುಡಿಯುವ ನೀರು, ತಲೆಗೊಂದು ಬಟ್ಟೆ ಇರಲಿ. ಬಿಸಿಲು ತಡೆಯದವರಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಬರುವಾಗ ನಂಜನಗೂಡಿನಲ್ಲಿ ರಸಬಾಳೆ ಸಿಕ್ಕಿದರೆ ಬಿಡಬೇಡಿ.

ರಾತ್ರಿ ಮನೆಗೆ ಬಂದು ಸೀರೆ ಕೊಡವಿದರೆ ನೆರಿಗೆಯಿಂದ ಒಂದು ಹಿಡಿ ಮರಳು ಸುರಿಯಿತು. ಗುಡಿಸಲು ಪೊರಕೆ ತಂದೆ. ಮೊಮ್ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಅತ್ತೆ, “ಇರ್ಲಿ ಬಿಡವ್ವ, ಬೆಳಿಗ್ಗೆ ಗುಡಿಸಿದರಾಯ್ತು. ಮುಂದಿನ ಸಲ ಎಲ್ಲಿಗೆ ಹೋಗೋದು, ಅದು ಹೇಳು” ಅಂದರು.