ಬೀಜದಿಂದ ಬೆಣ್ಣೆಹಣ್ಣಿನ ಗಿಡ

ಕೊಡಗು, ಚಿಕ್ಕಮಗಳೂರು ಸೀಮೆಗಳ ಕಾಫಿ ತೋಟಗಳಲ್ಲಿ ಸೊಗಸಾಗಿ ಫಲಿಸುವ ಬೆಣ್ಣೆಹಣ್ಣು ಯಾದಗಿರಿಯ ಬಳಿಯ ಮುದನಾಳದಂತಹ ಬಿಸಿಲುಸೀಮೆಗೆ ಒಗ್ಗಿದ ಮರವಲ್ಲ. ತೋಟ ಹಾಕಿ ಹಣ ಕಳೆದುಕೊಳ್ಳುವುದು ಸಲ್ಲದು. ಹಿತ್ತಿಲಲ್ಲಿ ಒಂದೆರಡನ್ನು ಬೆಳೆಸಿ ನೋಡಬಹುದು. ಹಣ್ಣಿನಿಂದ ಹೊರತೆಗೆದ ಬೀಜವು ಎರಡು ಮೂರು ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಅದನ್ನು ಒಣಗಿಸದೆ ತೊಳೆದು, ಕಂದು ಸಿಪ್ಪೆಯನ್ನು ಸುಲಿದು, ಅಗಲವಾದ ಬುಡವು ಕೆಳಗಾಗುವಂತೆ ಕುಂಡದಲ್ಲಿ ಊರತಕ್ಕದ್ದು. ಕುಂಡಕ್ಕೆ ಬರಿಯ ಎರೆಮಣ್ಣನ್ನು ತುಂಬಕೂಡದು. ನೀರು ನಿಂತು ಬೇರು ಕೊಳೆಯುವುದು. ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿದ ಹಗುರವಾದ ಮಣ್ಣು ಲೇಸು. ಬೇಸಗೆಯ ಶಾಖವು 40 ಡಿಗ್ರಿಯನ್ನು ಮೀರುವ ಕಾರಣ ಎಳೆಯ ಸಸಿಗೆ ಚಪ್ಪರದ ನೆರಳು ಬೇಕೇ ಬೇಕು. ಬೀಜದ ಮರವು ಅನುಕೂಲವಾದ ಹವೆಯಲ್ಲಿಯೂ ಫಲಕ್ಕೆ ಬರಲು ಆರೇಳು ವರ್ಷ ಹಿಡಿಯುವುದು. ಹಣ್ಣು ತಾಯಿಮರದಂತೆಯೇ ಇರುವುದೆಂಬ ಭರವಸೆಯೂ ಇಲ್ಲ. ಫಲವನ್ನೇ ಬಯಸುವವರು ಆ ಸಸಿಗೆ ಉತ್ತಮ ಜಾತಿಯ ಕುಡಿಯನ್ನು ಕಸಿ ಕಟ್ಟಿಸತಕ್ಕದ್ದು.