ನಲವತ್ತು ಷೇರುಗಳು, ಒಂದು ಪ್ರಶ್ನೆ: ಬಂದೂಕು ಕಂಪನಿಯ ಮಹಾಸಭೆಯಲ್ಲಿ ಧರ್ಮಸಂಸ್ಥೆಗಳು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟ್‌ನಲ್ಲಿ 1949ರಲ್ಲಿ ಆರಂಭವಾದ ಸ್ಟರ್ಮ್ ರೂಗರ್ ಕಂಪನಿಯು ಪಿಸ್ತೂಲು, ರಿವಾಲ್ವರ್ ಹಾಗೂ ರೈಫಲ್‌ಗಳನ್ನು ತಯಾರಿಸುವ ಸಂಸ್ಥೆ. ಅದರ ಷೇರುಗಳು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ನೋಂದಣಿಯಾಗಿವೆ. 2018ರ ಮೇ 9ರಂದು ನಡೆದ ಈ ಕಂಪನಿಯ ವಾರ್ಷಿಕ ಮಹಾಸಭೆಯಲ್ಲಿ, ನಿರ್ದೇಶಕ ಮಂಡಳಿಯು ಸ್ಪಷ್ಟವಾಗಿ ವಿರೋಧಿಸಿದ್ದ ಗೊತ್ತುವಳಿಯೊಂದು ಚಲಾಯಿತ ಮತಗಳಲ್ಲಿ ಸುಮಾರು ಶೇ. 69ರಷ್ಟನ್ನು ಪಡೆದು ಅಂಗೀಕೃತವಾಯಿತು. ಅದನ್ನು ಮಂಡಿಸಿದ್ದು ಯಾವುದೇ ಪ್ರತಿಸ್ಪರ್ಧಿ ಉದ್ಯಮಿಯಲ್ಲ, ಕಂಪನಿಯನ್ನು ಕಬಳಿಸಲು ಹೊರಟ ಹಣಕಾಸುದಾರನೂ ಅಲ್ಲ. ಕ್ಯಾಥೋಲಿಕ್ ಹೆಲ್ತ್ ಇನಿಷಿಯೇಟಿವ್ಸ್ ಎಂಬ, ಆಸ್ಪತ್ರೆಗಳನ್ನು ನಡೆಸುವ ಕ್ರೈಸ್ತ ಧರ್ಮಸಂಸ್ಥೆ. ಅದರ ಬೆನ್ನಿಗೆ ಕೆಲವು ಸನ್ಯಾಸಿನಿಯರ ಸಂಘಗಳಿದ್ದವು. ಇವರೆಲ್ಲರ ಷೇರುಗಳನ್ನು ಒಟ್ಟುಗೂಡಿಸಿದರೂ ಕಂಪನಿಯ ಬಂಡವಾಳದಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಅಲ್ಪ ಷೇರುದಾರರ ಪ್ರಶ್ನೆಗೆ ಬಹುಮತ ಒದಗಿದ್ದು ಹೇಗೆ, ಒದಗಿದ ಮೇಲೆ ಆದದ್ದೇನು ಎಂಬುದನ್ನು ನಮ್ಮ ಸದಸ್ಯರು ಗಮನಿಸುವುದು ಯುಕ್ತ. ಬಂದೂಕಿನ ಪರ–ವಿರೋಧ ಚರ್ಚೆ ಈ ಲೇಖನದ ಉದ್ದೇಶವಲ್ಲ. ಕಂಪನಿಯ ಒಡೆತನವೆಂದರೆ ಲಾಭಾಂಶ ಪಡೆಯುವ ಹಕ್ಕು ಮಾತ್ರವೇ, ಅಥವಾ ಉತ್ಪನ್ನದಿಂದಾಗುವ ಹಾನಿಯ ಬಗ್ಗೆ ಲೆಕ್ಕ ಕೇಳುವ ಹಕ್ಕೂ ಹೌದೇ ಎಂಬುದು ಇಲ್ಲಿನ ಪ್ರಶ್ನೆ.

ಹಿನ್ನೆಲೆ

ಸನ್ಯಾಸಿನಿಯರಿಗೆ ಷೇರುಪೇಟೆಯ ಗೊಡವೆ ಏಕೆಂದು ಕೆಲವರಿಗೆ ಅನಿಸಬಹುದು. ಅಮೆರಿಕದ ಚರ್ಚುಗಳು ಮತ್ತು ಸನ್ಯಾಸಿನಿಯರ ಸಂಘಗಳು ತಮ್ಮ ವೃದ್ಧ ಸದಸ್ಯರ ನಿವೃತ್ತಿ ವೆಚ್ಚಕ್ಕಾಗಿ, ಸೇವಾಕಾರ್ಯಗಳಿಗಾಗಿ ನಿಧಿಗಳನ್ನು ಕೂಡಿಟ್ಟು ಅವುಗಳಲ್ಲಿ ಒಂದು ಭಾಗವನ್ನು ಷೇರುಗಳಲ್ಲಿ ತೊಡಗಿಸುವುದು ಬಹುಕಾಲದ ರೂಢಿ. ಹಣ ತೊಡಗಿಸಿದ ಕಂಪನಿಯ ನಡವಳಿಕೆಗೆ ತಾವೂ ಹೊಣೆಗಾರರೆಂಬ ಭಾವನೆಯಿಂದ ಮಹಾಸಭೆಯಲ್ಲಿ ದನಿ ಎತ್ತುವ ಪದ್ಧತಿ ಬೆಳೆದು ಬಂದಿದೆ. 1971ರಲ್ಲಿ ಎಪಿಸ್ಕೋಪಲ್ ಚರ್ಚು ಜನರಲ್ ಮೋಟಾರ್ಸ್ ಕಂಪನಿಯ ಸಭೆಯಲ್ಲಿ, ವರ್ಣಭೇದ ನೀತಿ ಅನುಸರಿಸುತ್ತಿದ್ದ ದಕ್ಷಿಣ ಆಫ್ರಿಕಾದಿಂದ ಕಂಪನಿ ಹೊರಬರಬೇಕೆಂದು ಗೊತ್ತುವಳಿ ಮಂಡಿಸಿತು. ಅದಕ್ಕೆ ಬಿದ್ದ ಮತಗಳು ನಗಣ್ಯ. ಆದರೆ ಕಂಪನಿಯ ನಿರ್ದೇಶಕರಲ್ಲೊಬ್ಬರೂ ಸ್ವತಃ ಪಾದ್ರಿಯೂ ಆಗಿದ್ದ ಲಿಯಾನ್ ಸಲಿವನ್ ಅವರು ದಕ್ಷಿಣ ಆಫ್ರಿಕಾದಲ್ಲಿ ವ್ಯವಹರಿಸುವ ಕಂಪನಿಗಳಿಗಾಗಿ 1977ರಲ್ಲಿ ನಡವಳಿಕೆಯ ಸೂತ್ರಗಳನ್ನು ರೂಪಿಸಿದರು. 1986ರಲ್ಲಿ ಜನರಲ್ ಮೋಟಾರ್ಸ್ ಆ ದೇಶದಿಂದ ಹೊರಬರುವುದಾಗಿ ಪ್ರಕಟಿಸಿತು. ಹದಿನೈದು ವರ್ಷಗಳ ಈ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಈ ಕ್ಷೇತ್ರದಲ್ಲಿ ಫಲ ನಿಧಾನ. ಇದೇ ಕಾಲದಲ್ಲಿ ಹುಟ್ಟಿದ, ಸಾಂಸ್ಥಿಕ ಹೊಣೆಗಾರಿಕೆಗಾಗಿ ಶ್ರಮಿಸುವ ಸರ್ವಧರ್ಮ ಕೇಂದ್ರವೇ ರೂಗರ್ ಪ್ರಕರಣದಲ್ಲಿಯೂ ಧರ್ಮಸಂಸ್ಥೆಗಳನ್ನು ಒಗ್ಗೂಡಿಸಿತು.

ಕಾನೂನಿನ ಬಾಗಿಲು

ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗದ 14ಎ-8 ಎಂಬ ನಿಯಮವು ಸಣ್ಣ ಷೇರುದಾರನಿಗೂ ಒಂದು ಬಾಗಿಲನ್ನು ತೆರೆದಿದೆ. 2018ರಲ್ಲಿ ಜಾರಿಯಲ್ಲಿದ್ದಂತೆ, 2,000 ಡಾಲರ್ ಮೌಲ್ಯದ ಷೇರುಗಳನ್ನು ಒಂದು ವರ್ಷ ಕಾಲ ಹೊಂದಿದವನು 500 ಪದಗಳನ್ನು ಮೀರದ ಗೊತ್ತುವಳಿಯನ್ನು ಕಳುಹಿಸಬಹುದಿತ್ತು. ಕಂಪನಿಯು ತನ್ನದೇ ಖರ್ಚಿನಲ್ಲಿ ಅದನ್ನು ಸಭೆಯ ಸೂಚನಾಪತ್ರದೊಂದಿಗೆ ಎಲ್ಲ ಷೇರುದಾರರಿಗೂ ತಲುಪಿಸಬೇಕಿತ್ತು. ಷೇರೊಂದಕ್ಕೆ 50 ಡಾಲರ್ ಬೆಲೆ ಎಂದಿಟ್ಟುಕೊಂಡರೆ ನಲವತ್ತು ಷೇರುಗಳು ಸಾಕು. 2020ರ ತಿದ್ದುಪಡಿಯು ಇದನ್ನು ಬಿಗಿಗೊಳಿಸಿತು: 2,000 ಡಾಲರ್ ಹೂಡಿಕೆಯಾದರೆ ಮೂರು ವರ್ಷ, 15,000 ಡಾಲರ್ ಆದರೆ ಎರಡು ವರ್ಷ, ಒಂದೇ ವರ್ಷದ ಒಡೆತನವಿದ್ದರೆ 25,000 ಡಾಲರ್.

ಬಾಗಿಲಿಗೆ ಅಗುಳಿಯೂ ಇದೆ. ಕಂಪನಿಯ ದೈನಂದಿನ ವ್ಯವಹಾರಕ್ಕೆ ಸಂಬಂಧಿಸಿದ ಗೊತ್ತುವಳಿಯನ್ನು ಕೈಬಿಡುವ ಅಧಿಕಾರ ಆಡಳಿತಕ್ಕುಂಟು. ಯಾವ ಸರಕನ್ನು ಮಾರಬೇಕು, ಯಾವುದನ್ನು ಮಾರಬಾರದು ಎಂಬುದು ವ್ಯವಸ್ಥಾಪಕರ ಕೆಲಸವೇ ಹೊರತು ಮಹಾಸಭೆಯದ್ದಲ್ಲ. ನ್ಯೂಯಾರ್ಕಿನ ಟ್ರಿನಿಟಿ ಚರ್ಚು ಇದೇ ಅಗುಳಿಗೆ ಸಿಲುಕಿತು. ಒಮ್ಮೆಗೇ ಅನೇಕ ಗುಂಡುಗಳನ್ನು ತುಂಬಬಲ್ಲ ಬಂದೂಕುಗಳಂತಹ ಸರಕನ್ನು ಮಾರಬೇಕೇ ಎಂಬುದರ ಬಗ್ಗೆ ವಾಲ್‌ಮಾರ್ಟ್‌ನ ನಿರ್ದೇಶಕ ಮಂಡಳಿ ನೀತಿ ರೂಪಿಸಿ ಮೇಲ್ವಿಚಾರಣೆ ನಡೆಸಬೇಕೆಂದು ಚರ್ಚು ಗೊತ್ತುವಳಿ ಕಳುಹಿಸಿತ್ತು. 2014ರಲ್ಲಿ ಕೆಳ ನ್ಯಾಯಾಲಯ ಚರ್ಚಿನ ಪರ ನಿಂತರೂ 2015ರಲ್ಲಿ ಮೇಲ್ಮನವಿ ನ್ಯಾಯಾಲಯವು ಇದು ದೈನಂದಿನ ವ್ಯವಹಾರವೆಂದು ತೀರ್ಮಾನಿಸಿತು. ವಿಶೇಷವೆಂದರೆ, ಮೊಕದ್ದಮೆ ಗೆದ್ದ ಅದೇ ವರ್ಷ ವಾಲ್‌ಮಾರ್ಟ್ ಸೇನಾ ಮಾದರಿಯ ರೈಫಲ್‌ಗಳ ಮಾರಾಟವನ್ನು ತಾನಾಗಿಯೇ ನಿಲ್ಲಿಸಿತು. ಬೇಡಿಕೆ ಕುಗ್ಗಿದ್ದೇ ಕಾರಣವೆಂದು ಹೇಳಿತು.

ಗೊತ್ತುವಳಿಯ ಮಾತು

ಬಂದೂಕು ತಯಾರಕರ ವಿಷಯದಲ್ಲಿ ಮಹಾಸಭೆಗೆ ಮಹತ್ವ ಬರಲು ಇನ್ನೊಂದು ಕಾರಣವಿದೆ. ಬಂದೂಕು ಬಳಸಿ ಮೂರನೆಯವನು ಎಸಗಿದ ಅಪರಾಧಕ್ಕಾಗಿ ತಯಾರಕರ ಮೇಲೆ ಪರಿಹಾರದ ದಾವೆ ಹೂಡುವುದನ್ನು 2005ರ ಅಮೆರಿಕನ್ ಕಾಯ್ದೆಯೊಂದು, ಕೆಲವು ಅಪವಾದಗಳನ್ನು ಬಿಟ್ಟು, ನಿರ್ಬಂಧಿಸಿದೆ. ಬೇರೆ ಉದ್ದಿಮೆಗಳಲ್ಲಿ ನ್ಯಾಯಾಲಯದ ಭಯವು ಮಾಡುವ ಕೆಲಸವನ್ನು ಇಲ್ಲಿ ಬೇರೆ ಯಾರಾದರೂ ಮಾಡಬೇಕು. ಕಾಯ್ದೆಯ ಅಪವಾದಗಳು ಎಷ್ಟು ದುಬಾರಿಯಾಗಬಲ್ಲವು ಎಂಬುದು ತಿಳಿದದ್ದು ಅನಂತರ: 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಹಾಗೂ 6 ಮಂದಿ ಸಿಬ್ಬಂದಿ ಹತರಾದ ಪ್ರಕರಣದಲ್ಲಿ, ಜಾಹೀರಾತಿನ ರೀತಿಯನ್ನು ಆಕ್ಷೇಪಿಸಿ ಹೂಡಿದ ದಾವೆಯು 2022ರಲ್ಲಿ ರೆಮಿಂಗ್ಟನ್ ಕಂಪನಿಯ ವಿಮಾದಾರರು 7.3 ಕೋಟಿ ಡಾಲರ್ ನೀಡುವುದರೊಂದಿಗೆ ರಾಜಿಯಾಯಿತು.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಗುಂಡಿಗೆ ಬಲಿಯಾದರು. ಬಳಕೆಯಾದದ್ದು ಸ್ಮಿತ್ ಅಂಡ್ ವೆಸನ್ ತಯಾರಿಸಿದ ರೈಫಲ್. ಈ ಹಿನ್ನೆಲೆಯಲ್ಲಿ ರೂಗರ್ ಸಭೆ ನಡೆಯಿತು. ಅಂತಹ ಉದ್ವೇಗದ ಕಾಲದಲ್ಲಿಯೂ ಗೊತ್ತುವಳಿಯ ಭಾಷೆ ಅತ್ಯಂತ ಸಂಯಮದ್ದಾಗಿತ್ತು. ತಯಾರಿಕೆ ನಿಲ್ಲಿಸಿ ಎಂದಾಗಲಿ, ಇಂತಹ ಮಾದರಿ ಬೇಡವೆಂದಾಗಲಿ ಅದು ಹೇಳಲಿಲ್ಲ. 2019ರ ಫೆಬ್ರವರಿ 8ರೊಳಗೆ ಒಂದು ವರದಿ ಕೊಡಿ ಎಂದಷ್ಟೇ ಕೇಳಿತು. ತನ್ನ ಉತ್ಪನ್ನಗಳು ಬಳಕೆಯಾದ ಹಿಂಸಾಕೃತ್ಯಗಳ ಮೇಲೆ ಕಂಪನಿ ನಿಗಾ ಇಟ್ಟಿದೆಯೇ, ಹೆಚ್ಚು ಸುರಕ್ಷಿತವಾದ ಬಂದೂಕುಗಳ ಸಂಶೋಧನೆಗೆ ಏನು ಮಾಡುತ್ತಿದೆ, ಬಂದೂಕು ಹಿಂಸೆಯಿಂದ ಕಂಪನಿಯ ಹೆಸರಿಗೂ ಹಣಕ್ಕೂ ಒದಗಬಹುದಾದ ಅಪಾಯವನ್ನು ಹೇಗೆ ಅಂದಾಜಿಸಿದೆ ಎಂಬುದು ವರದಿಯಲ್ಲಿರಬೇಕು.

ಮೂರನೆಯ ಅಂಶವೇ ಇಲ್ಲಿನ ಕೀಲಿಕೈ ಎಂಬುದು ಈ ಲೇಖಕನ ಅಭಿಪ್ರಾಯ. ಅದನ್ನು ಓದಿದ ಯಾವ ಲೆಕ್ಕಪರಿಶೋಧಕನಿಗೂ ಅದು ಪರಿಚಿತವಾದ ಮಾತೆನಿಸುತ್ತದೆ. ಆಸ್ತಿ–ಹೊಣೆ ಪಟ್ಟಿಯ ಅಡಿಯಲ್ಲಿ ಸಂಭಾವ್ಯ ಹೊಣೆಗಳ ಟಿಪ್ಪಣಿ ಬರೆಯಿಸುವಾಗ ನಾವು ಕೇಳುವುದೂ ಅದನ್ನೇ. ಧರ್ಮಸಂಸ್ಥೆಗಳು ತಮ್ಮ ನೈತಿಕ ಕಳಕಳಿಯನ್ನು ಹೂಡಿಕೆಯ ಅಪಾಯದ ಭಾಷೆಗೆ ತಿರುಗಿಸಿದವು. ಹಾಗೆ ತಿರುಗಿಸಿದ್ದರಿಂದಲೇ, ನೀತಿಯ ಮಾತಿಗೆ ಕಿವಿಗೊಡಲು ಬಾಧ್ಯತೆಯಿಲ್ಲದವರೂ ಅದಕ್ಕೆ ಸಮ್ಮತಿಸಲು ಸಾಧ್ಯವಾಯಿತು.

ಸಮ್ಮತಿಸಿದವರಲ್ಲಿ ಮುಖ್ಯರು ಬ್ಲ್ಯಾಕ್‌ರಾಕ್ ಮತ್ತು ವ್ಯಾನ್‌ಗಾರ್ಡ್. ಬ್ಲ್ಯಾಕ್‌ರಾಕ್ ಆಗ ರೂಗರ್‌ನ ಅತಿ ದೊಡ್ಡ ಷೇರುದಾರ ಸಂಸ್ಥೆ. ಈ ಸಂಸ್ಥೆಗಳ ಹೂಡಿಕೆಯ ಬಹುಭಾಗ ಸೂಚ್ಯಂಕ ಆಧಾರಿತ ನಿಧಿಗಳದ್ದು. ಸೂಚ್ಯಂಕದಲ್ಲಿ ಕಂಪನಿ ಇರುವವರೆಗೆ ಅದರ ಷೇರನ್ನು ಮಾರಿ ಹೊರಬರುವ ಸ್ವಾತಂತ್ರ್ಯ ಅಂತಹ ನಿಧಿಗಳಿಗಿಲ್ಲ. ಬಿಟ್ಟುಹೋಗಲಾಗದ ಒಡೆಯನಿಗೆ ಉಳಿಯುವುದು ಪ್ರಶ್ನಿಸುವ ದಾರಿಯೊಂದೇ. 2018ರ ಮಾರ್ಚ್ ಆರಂಭದಲ್ಲಿಯೇ ಬ್ಲ್ಯಾಕ್‌ರಾಕ್ ಬಂದೂಕು ತಯಾರಕರಿಗೆ ತಾನು ಕೇಳಬಯಸುವ ಪ್ರಶ್ನೆಗಳನ್ನು ಪ್ರಕಟಿಸಿತ್ತು. ಅವು ಗೊತ್ತುವಳಿಯ ಪ್ರಶ್ನೆಗಳಿಗಿಂತ ಬಹಳ ದೂರವೇನೂ ಇರಲಿಲ್ಲ. ಅದೇ ಸಭೆಯಲ್ಲಿ ರೂಗರ್‌ನ ಎಲ್ಲ ನಿರ್ದೇಶಕರೂ ಮರು ಆಯ್ಕೆಯಾದರು ಎಂಬುದನ್ನೂ ಗಮನಿಸಬೇಕು. ಅವರಲ್ಲೊಬ್ಬರು ರಾಷ್ಟ್ರೀಯ ರೈಫಲ್ ಸಂಘದ ಮಾಜಿ ಅಧ್ಯಕ್ಷೆ. ಷೇರುದಾರರು ಆಡಳಿತವನ್ನು ತಿರಸ್ಕರಿಸಲಿಲ್ಲ, ಉತ್ತರ ಕೊಡಿ ಎಂದರು.

2018ರ ಸೆಪ್ಟೆಂಬರ್‌ನಲ್ಲಿ ಸ್ಮಿತ್ ಅಂಡ್ ವೆಸನ್‌ನ ಆಗಿನ ಮಾತೃಸಂಸ್ಥೆ ಅಮೆರಿಕನ್ ಔಟ್‌ಡೋರ್ ಬ್ರ್ಯಾಂಡ್ಸ್‌ನಲ್ಲಿ ಇಂತಹುದೇ ಗೊತ್ತುವಳಿ ಸುಮಾರು ಶೇ. 52ರಷ್ಟು ಮತಗಳೊಂದಿಗೆ ಅಂಗೀಕಾರವಾಯಿತು. ಅಲ್ಲಿ ಮುಂದಾಳತ್ವ ವಹಿಸಿದ್ದು ಯೇಸು ಮತ್ತು ಮೇರಿಯ ಪವಿತ್ರ ನಾಮಗಳ ಸನ್ಯಾಸಿನಿಯರ ಸಂಘ.

ಕಂಪನಿಗಳ ಉತ್ತರ

ಇಂತಹ ಗೊತ್ತುವಳಿ ಶಿಫಾರಸಿನ ಸ್ವರೂಪದ್ದು. ನೂರಕ್ಕೆ ನೂರು ಮತ ಬಿದ್ದರೂ ಮಂಡಳಿಯನ್ನು ಕಾನೂನಿನಂತೆ ಬಂಧಿಸುವುದಿಲ್ಲ. ಆದರೂ ಎರಡೂ ಕಂಪನಿಗಳು 2019ರ ಫೆಬ್ರವರಿಯಲ್ಲಿ ವರದಿ ಪ್ರಕಟಿಸಿದವು. ತನ್ನ ವ್ಯವಹಾರ ಕಾನೂನುಬದ್ಧವಾದದ್ದು, ವರದಿ ಕೇಳಿದ ಮಾತ್ರಕ್ಕೆ ಅದು ಬದಲಾಗಬೇಕಿಲ್ಲ ಎಂಬ ನಿಲುವನ್ನು ರೂಗರ್ ಮೊದಲೇ ಪ್ರಕಟಿಸಿತ್ತು. ಒಡೆಯನನ್ನು ಗುರುತಿಸಿದರೆ ಮಾತ್ರ ಗುಂಡು ಹಾರಿಸುವ ‘ಸ್ಮಾರ್ಟ್ ಗನ್’ ತಂತ್ರಜ್ಞಾನ ಇನ್ನೂ ಪಕ್ವವಾಗಿಲ್ಲವೆಂಬ ಸಂದೇಹವನ್ನು ಎರಡೂ ವರದಿಗಳು ವ್ಯಕ್ತಪಡಿಸಿದವು. ಅಮೆರಿಕನ್ ಔಟ್‌ಡೋರ್ ಬ್ರ್ಯಾಂಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂದೂಕು ಹೊಂದುವ ಹಕ್ಕಿನ ವಿರೋಧಿ ಎಂದು ಗ್ರಾಹಕರು ತನ್ನನ್ನು ಭಾವಿಸುವುದೇ ತನಗಿರುವ ದೊಡ್ಡ ಅಪಾಯವೆಂದು ವಾದಿಸಿತು.

ಈ ವಾದವನ್ನು ಕೇವಲ ನೆಪವೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಟಾಮ್‌ಕಿನ್ಸ್ ಕಂಪನಿ 1987ರಲ್ಲಿ ಸ್ಮಿತ್ ಅಂಡ್ ವೆಸನ್ ಅನ್ನು 11 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಗೆ ಕೊಂಡಿತ್ತು. 2000ದ ಮಾರ್ಚ್‌ನಲ್ಲಿ ಸ್ಮಿತ್ ಅಂಡ್ ವೆಸನ್, ಕ್ಲಿಂಟನ್ ಸರ್ಕಾರದೊಂದಿಗೆ ಸುರಕ್ಷತಾ ಕ್ರಮಗಳ ಕುರಿತು ಒಪ್ಪಂದಕ್ಕೆ ಸಹಿ ಹಾಕಿತು. ಸಿಟ್ಟಿಗೆದ್ದ ಗ್ರಾಹಕರು ಬಹಿಷ್ಕಾರ ಹೂಡಿದರು, ಮಾರಾಟ ಕುಸಿಯಿತು. 2001ರಲ್ಲಿ ಟಾಮ್‌ಕಿನ್ಸ್ ಅದನ್ನು ಮಾರಿದ್ದು 1.5 ಕೋಟಿ ಡಾಲರ್‌ಗೆ. ಸಾಲದ ಹೊಣೆಯನ್ನು ಕೊಂಡವರು ಹೊತ್ತುಕೊಂಡದ್ದು ಬೇರೆ ಲೆಕ್ಕ. ಮಂಡಳಿಯ ಕೊಠಡಿಯಲ್ಲಿ ಕುಳಿತವರಿಗೆ ಈ ಅಂಕಿಗಳು ಮರೆತಿರಲಾರವು. ಅಪಾಯ ಎರಡು ಕಡೆಯಿಂದಲೂ ಬರಬಹುದೆಂಬುದನ್ನು ಧರ್ಮಸಂಸ್ಥೆಗಳ ಬೆಂಬಲಿಗರು ಸಾಕಷ್ಟು ಒಪ್ಪಿಕೊಳ್ಳುವುದಿಲ್ಲ ಎಂಬುದು ನನ್ನ ಆಕ್ಷೇಪ. ಹಾಗೆಯೇ, ವರದಿಯನ್ನೇ ಕೊಡುವುದಿಲ್ಲವೆಂದು ಕಂಪನಿ ಹೇಳಿದ್ದರೆ ಈ ವಾದವೂ ಬರವಣಿಗೆಯಲ್ಲಿ ಷೇರುದಾರರ ಮುಂದೆ ಬರುತ್ತಿರಲಿಲ್ಲ.

ಪ್ರಶ್ನೆಗಳು ಅಲ್ಲಿಗೆ ನಿಲ್ಲಲಿಲ್ಲ. ಮಾನವ ಹಕ್ಕುಗಳ ನೀತಿ ರೂಪಿಸಬೇಕೆಂಬ ಗೊತ್ತುವಳಿಗೆ ಸ್ಮಿತ್ ಅಂಡ್ ವೆಸನ್‌ನಲ್ಲಿ 2021ರಲ್ಲಿ ಬಹುಮತ ದೊರೆಯಲಿಲ್ಲ. ಆದರೆ 2022ರ ಜೂನ್‌ನಲ್ಲಿ, ಮಾನವ ಹಕ್ಕುಗಳ ಮೇಲಿನ ಪರಿಣಾಮದ ಮೌಲ್ಯಮಾಪನ ನಡೆಸಬೇಕೆಂಬ ಗೊತ್ತುವಳಿಯು ರೂಗರ್‌ನಲ್ಲಿ ಶೇ. 68ಕ್ಕೂ ಹೆಚ್ಚು ಮತ ಗಳಿಸಿತು. ಅದನ್ನು ತಂದದ್ದು ಕಾಮನ್‌ಸ್ಪಿರಿಟ್ ಹೆಲ್ತ್. 2018ರ ಗೊತ್ತುವಳಿ ತಂದ ಸಂಸ್ಥೆ ಮತ್ತೊಂದರೊಡನೆ 2019ರಲ್ಲಿ ವಿಲೀನವಾಗಿ ತಳೆದ ಹೊಸ ರೂಪ. ಗುಂಡೇಟು ತಿಂದವರಿಗೆ ಚಿಕಿತ್ಸೆ ನೀಡುವ ಆಸ್ಪತ್ರೆಗಳೇ ಬಂದೂಕು ಕಂಪನಿಯ ಷೇರುದಾರರಾಗಿ ಲೆಕ್ಕ ಕೇಳಿದ್ದು ಎರಡನೆಯ ಬಾರಿ.

ನಮ್ಮಲ್ಲಿ

ಇಂತಹ ಗೊತ್ತುವಳಿ ಭಾರತದಲ್ಲಿ ಸಾಧ್ಯವೇ? ಕಾನೂನಿನ ಪ್ರಕಾರ ಸಾಧ್ಯ, ವ್ಯವಹಾರದಲ್ಲಿ ಬಹು ಕಷ್ಟ. 1956ರ ಕಂಪನಿ ಕಾಯ್ದೆಯ 188ನೆಯ ಕಲಮಿನಂತೆ, ಒಟ್ಟು ಮತಾಧಿಕಾರದ ಇಪ್ಪತ್ತನೆಯ ಒಂದು ಭಾಗವುಳ್ಳವರು, ಇಲ್ಲವೇ ಒಟ್ಟಾಗಿ ಒಂದು ಲಕ್ಷ ರೂಪಾಯಿ ಪಾವತಿಯಾದ ಷೇರುಗಳುಳ್ಳ ನೂರು ಮಂದಿ ಸದಸ್ಯರು ತಮ್ಮ ಗೊತ್ತುವಳಿಯನ್ನು ಸುತ್ತೋಲೆಗೊಳಿಸುವಂತೆ ಕೇಳಬಹುದಿತ್ತು. 2013ರ ಕಾಯ್ದೆಯ 111ನೆಯ ಕಲಮು ಇದಕ್ಕೆ 100ನೆಯ ಕಲಮಿನ ಅರ್ಹತೆಯನ್ನೇ ವಿಧಿಸಿದೆ: ಷೇರು ಬಂಡವಾಳವುಳ್ಳ ಕಂಪನಿಯಲ್ಲಿ, ಮತಾಧಿಕಾರವುಳ್ಳ ಪಾವತಿಯಾದ ಬಂಡವಾಳದ ಹತ್ತನೆಯ ಒಂದು ಭಾಗ. ನೂರು ಮಂದಿ ಸಾಮಾನ್ಯರ ಆ ದಾರಿ ಮುಚ್ಚಿಹೋಯಿತು. ಪಾವತಿಯಾದ ಬಂಡವಾಳ 20 ಕೋಟಿ ರೂಪಾಯಿಯ ಕಂಪನಿಯಲ್ಲಿ ಪ್ರಶ್ನೆಯೊಂದನ್ನು ಎಲ್ಲರ ಮುಂದಿಡಲು 2 ಕೋಟಿ ಮುಖಬೆಲೆಯ ಷೇರುಗಳು ಬೇಕು. ಸುತ್ತೋಲೆಯ ಖರ್ಚಿಗೆ ತಕ್ಕಷ್ಟು ಹಣವನ್ನೂ ಕೇಳಿದವರೇ ಮುಂಗಡವಾಗಿ ಕಟ್ಟಬೇಕು.

ಧರ್ಮಸಂಸ್ಥೆಗಳ ಮಾತಂತೂ ಇನ್ನೂ ಬೇರೆ. ಆದಾಯ ತೆರಿಗೆ ವಿನಾಯಿತಿ ಪಡೆಯುವ ಧಾರ್ಮಿಕ ಹಾಗೂ ದತ್ತಿ ಟ್ರಸ್ಟುಗಳು ತಮ್ಮ ನಿಧಿಯನ್ನು ಎಲ್ಲಿ ತೊಡಗಿಸಬೇಕೆಂಬುದನ್ನು 1961ರ ಕಾಯ್ದೆಯ 11(5)ನೆಯ ಕಲಮು ಪಟ್ಟಿಮಾಡಿತ್ತು; ಖಾಸಗಿ ವಲಯದ ಸಾಮಾನ್ಯ ಕಂಪನಿಗಳ ಷೇರುಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಪಟ್ಟಿಯನ್ನು ಮೀರಿದರೆ 13ನೆಯ ಕಲಮಿನಂತೆ ವಿನಾಯಿತಿಗೆ ಧಕ್ಕೆ. ಅನುಮತಿಸಿದ ಹೂಡಿಕೆಗಳ ಪಟ್ಟಿಯ ಪದ್ಧತಿಯನ್ನು 2025ರ ಹೊಸ ಕಾಯ್ದೆಯೂ ಮುಂದುವರಿಸಿದೆ. ನಮ್ಮ ಮಠ, ಚರ್ಚು, ವಕ್ಫ್ ಸಂಸ್ಥೆಗಳು ಕಂಪನಿಗಳ ಮಹಾಸಭೆಗಳಲ್ಲಿ ಕಾಣಿಸದಿರುವುದಕ್ಕೆ ನಿರಾಸಕ್ತಿಯೊಂದೇ ಕಾರಣವಲ್ಲ. ಟ್ರಸ್ಟಿನ ನಿಧಿಯನ್ನು ಪೇಟೆಯ ಏರಿಳಿತದಿಂದ ಕಾಪಾಡಲು ಹಾಕಿದ ಬೇಲಿಯು ಅದನ್ನು ಒಡೆತನದ ದನಿಯಿಂದಲೂ ದೂರವಿಟ್ಟಿದೆ.

ಹೀಗಾಗಿ ನಮ್ಮಲ್ಲಿ ಪ್ರಶ್ನೆ ಬರುವುದಿದ್ದರೆ ಅದು ಮ್ಯೂಚುವಲ್ ಫಂಡುಗಳ ಕಡೆಯಿಂದ ಬರಬೇಕು. ಸೆಬಿಯು ಅವುಗಳಿಗೆ 2020ರ ಜುಲೈನಿಂದ ಹೂಡಿಕೆ ಉಸ್ತುವಾರಿಯ ಸಂಹಿತೆಯನ್ನು ಅನ್ವಯಿಸಿದೆ. 2022ರ ಏಪ್ರಿಲ್‌ನಿಂದ ಹೂಡಿಕೆಯಿರುವ ಕಂಪನಿಗಳ ಎಲ್ಲ ಗೊತ್ತುವಳಿಗಳ ಮೇಲೂ ಮತ ಚಲಾಯಿಸುವುದನ್ನು ಕಡ್ಡಾಯಗೊಳಿಸಿದೆ. ರೂಗರ್ ಸಭೆಯಲ್ಲಿ ‘ಹೌದು’ ಎಂದವರ ಸ್ಥಾನದಲ್ಲಿ ಇಲ್ಲಿ ಫಂಡುಗಳು ಕುಳಿತಿವೆ. ನಲವತ್ತು ಷೇರುಗಳನ್ನು ಹಿಡಿದು ಪ್ರಶ್ನೆ ತರುವವರ ಸ್ಥಾನ ಮಾತ್ರ 111ನೆಯ ಕಲಮು ಈಗಿರುವಂತೆಯೇ ಇರುವವರೆಗೆ ಖಾಲಿ.