ಶೆಟ್ಟಿಹಳ್ಳಿ: ಮಗನನ್ನು ಬಚ್ಚಿಟ್ಟರೆ ಚಟ ಬಿಟ್ಟೀತೆ?

“ಪೊಲೀಸರಿಗೆ ಗೊತ್ತಾದ್ರೆ ಹುಡುಗನ್ನ ಎಳ್ಕೊಂಡು ಹೋಗ್ತಾರೆ ಕಣಪ್ಪ!” ಶೆಟ್ಟಿಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ತಾಯಿಯೊಬ್ಬರು ಕಣ್ಣೊರೆಸಿಕೊಂಡರು. ಮಗ ಗಾಂಜಾಕ್ಕೆ ಬಿದ್ದಿದ್ದಾನೆ. ಮಾನಕ್ಕಂಜಿ ಮನೆಯವರು ಬಾಯಿ ಬಿಟ್ಟಿಲ್ಲ.

ಆಕೆಗೆ ಹೇಳಿದ್ದನ್ನೇ ಓದುಗರಿಗೂ ಹೇಳಬೇಕು. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿದ್ದರೂ, ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಪಾರು. ಅರ್ಧಕ್ಕೇ ಬಿಟ್ಟು ಬಂದರೆ ಈ ರಕ್ಷಣೆ ತಪ್ಪೀತು. ಮಾರುವವನಿಗಂತೂ ಇದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸಲೆಂದೇ ಪ್ರತ್ಯೇಕ ವಿಭಾಗವಿದೆ.

“ಅವನು ಒಪ್ಪಬೇಕಲ್ಲಪ್ಪ?”

ಒಪ್ಪದಿದ್ದರೂ ಮನೆಯವರೇ ಮೊದಲು 14446ಕ್ಕೆ ಫೋನ್ ಮಾಡಿ ದಾರಿ ಕೇಳಬಹುದು, ಕರೆಗೆ ಕಾಸಿಲ್ಲ.

ಬಸ್ಸು ಬಂತು. ತಾಯಿ ಹತ್ತಲಿಲ್ಲ. “ಆ ನಂಬರು ಇನ್ನೊಂದ್ಸಲ ಹೇಳಪ್ಪ,” ಎಂದರು.